ಪುಲಿಕೇಶಿ ಎಂಬ ಹೆಸರು

ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಬಹು ಗೌರವದಿಂದ ಉಚ್ಚರಿಸಲ್ಪಡುತ್ತಿದ್ದರೂ ನಮ್ಮ ತೊಟ್ಟಿಲುಗಳ ಬಳಿಗೆ ಬಾರದ ಹೆಸರುಗಳಲ್ಲಿ ‘ಪುಲಿಕೇಶಿ’ ಎಂಬುದು ಮುಖ್ಯವಾದುದು. ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತ ಭಾಷಣಕಾರರು ಈ ಹೆಸರನ್ನು ಎತ್ತದೆ ಮುಂದೆ ಹೋಗುವುದಿಲ್ಲ. ಬೆಂಗಳೂರಿನ ಫ್ರೇಜರ್ ಟೌನಿಗೆ ಪುಲಕೇಶಿನಗರವೆಂದು ಹೆಸರಾಯಿತು. 2008ರ ಚುನಾವಣೆಯ ವೇಳೆಗೆ ಆ ಹೆಸರಿನ ವಿಧಾನಸಭಾ ಕ್ಷೇತ್ರವೂ ಬಂದಿತು. 1967ರಲ್ಲಿ ರಾಜಕುಮಾರ್ ಅವರು ಇಮ್ಮಡಿ ಪುಲಿಕೇಶಿಯ ಪಾತ್ರದಲ್ಲಿ ತೆರೆಯ ಮೇಲೆ ಕಾಣಿಸಿಕೊಂಡರು. ಇಷ್ಟಾದರೂ, ನೆರೆಮನೆಯ ನಾಮಕರಣಕ್ಕೆ ಹೋದಾಗ ಮಗುವಿನ ಕಿವಿಯಲ್ಲಿ ‘ಪುಲಿಕೇಶಿ’ ಎಂದು ಮೂರು ಬಾರಿ ಉಸುರಿದ್ದನ್ನು ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರಿ? ಮೂವತ್ತು ವರ್ಷಗಳಿಗೂ ಮಿಕ್ಕ ನನ್ನ ಅಧ್ಯಾಪನ ಕಾಲದಲ್ಲಿ ಹಾಜರಿ ಪುಸ್ತಕದೊಳಗೆ ಈ ಹೆಸರು ನನಗೆ ಎದುರಾದುದು ಒಂದೇ ಒಂದು ಸಲ. ಆ ಹುಡುಗನ ವಿಷಯವನ್ನು ಆಮೇಲೆ ಹೇಳುತ್ತೇನೆ.

ಮೊದಲು ಹೆಸರಿನ ರೂಪವನ್ನೇ ನೋಡೋಣ. ಪುಲಕೇಶಿ, ಪುಲಿಕೇಶಿ ಎಂಬ ಎರಡು ರೂಪಗಳು ಇಂದು ಬಳಕೆಯಲ್ಲಿವೆ. ಶಾಸನಗಳಲ್ಲಿ ಇವುಗಳ ಜೊತೆಗೆ ‘ಪೊಲೆಕೇಶಿ’ ಎಂಬ ರೂಪವೂ ಉಂಟು. ಐಹೊಳೆಯ ಮೇಗುಟಿ ಜಿನಾಲಯದ ಗೋಡೆಯ ಮೇಲೆ ಶಕವರ್ಷ 556ರಲ್ಲಿ, ಅಂದರೆ ಕ್ರಿ.ಶ. 634-35ರಲ್ಲಿ, ರವಿಕೀರ್ತಿಯು ಬರೆಯಿಸಿದ ಪ್ರಶಸ್ತಿಯಲ್ಲಿ ಕಾಣುವುದು ಈ ಕೊನೆಯ ರೂಪವೇ. ಇನ್ನೊಂದು ಸೋಜಿಗವೆಂದರೆ, ವಂಶದ ನಿಜವಾದ ಸ್ಥಾಪಕನಾದ ಮೊದಲನೆಯ ಪುಲಿಕೇಶಿಯು ವಾತಾಪಿಯ ಬೆಟ್ಟವನ್ನು ಕೋಟೆಯನ್ನಾಗಿ ಮಾಡಿದುದನ್ನು ಹೇಳುವ ಕ್ರಿ.ಶ. 543ರ ಬಾದಾಮಿಯ ಬಂಡೆಗಲ್ಲು ಶಾಸನದಲ್ಲಿ ಈ ಹೆಸರೇ ಇಲ್ಲ. ಅಲ್ಲಿ ಅವನು ‘ವಲ್ಲಭೇಶ್ವರ’. ನಾವು ಹೆಸರಿನಿಂದ ಗುರುತಿಸುವ ಅರಸನು ತನ್ನ ಮೊದಲ ಕಲ್ಲಿನಲ್ಲಿ ಬಿರುದಿನಿಂದ ನಿಂತಿದ್ದಾನೆ.

ಇನ್ನು ಅರ್ಥ. ಇಲ್ಲಿ ವಿದ್ವಾಂಸರಲ್ಲಿ ಎರಡು ಪಕ್ಷಗಳಿವೆ. ಫ್ಲೀಟ್ ಮತ್ತು ಡಿ. ಸಿ. ಸರ್ಕಾರ್ ಅವರು ಇದನ್ನು ಕನ್ನಡ-ಸಂಸ್ಕೃತಗಳ ಮಿಶ್ರಪದವೆಂದು ಎಣಿಸಿ, ಕನ್ನಡದ ‘ಪುಲಿ’ಯನ್ನೂ ಸಂಸ್ಕೃತದ ‘ಕೇಶಿನ್’ ಶಬ್ದವನ್ನೂ ಕೂಡಿಸಿ ‘ಹುಲಿಯ ಕೂದಲುಳ್ಳವನು’ ಎಂದು ಅರ್ಥ ಹೇಳಿದರು. ಕೆ. ಎ. ನೀಲಕಂಠ ಶಾಸ್ತ್ರಿಗಳು ಇದನ್ನು ಒಪ್ಪದೆ, ಎರಡು ಭಾಗಗಳೂ ಸಂಸ್ಕೃತವೆಂದೂ, ‘ಪುಲ’ ಎಂದರೆ ಹಿರಿಯ, ‘ಕೇಶಿ’ ಎಂದರೆ ಕೇಸರವುಳ್ಳ ಸಿಂಹ, ಆದುದರಿಂದ ಇದು ‘ಮಹಾಸಿಂಹ’ವೆಂದೂ ವಾದಿಸಿದರು. ಇವೆರಡರ ನಡುವೆ ಜನಸಾಮಾನ್ಯರ ನಿಷ್ಪತ್ತಿಯೊಂದಿದೆ: ಪುಳಕಗೊಂಡ ಕೇಶವುಳ್ಳವನು ಪುಲಕೇಶಿ ಎಂಬುದು. ಹಾಗಿದ್ದಲ್ಲಿ ‘ಪುಲಕಕೇಶಿ’ ಎಂದಾಗಬೇಕಿತ್ತು. ನಡುವಿನ ಒಂದು ಕಕಾರವು ಎಲ್ಲಿಗೆ ಹೋಯಿತೆಂದು ಕೇಳಿದರೆ ಉತ್ತರವಿಲ್ಲ. ಇದನ್ನು ನಾವು ಬದಿಗಿಡಬಹುದು.

ಹುಲಿಯ ಪಕ್ಷಕ್ಕೂ ತೊಡಕುಗಳಿಲ್ಲದಿಲ್ಲ. ಚೀನದ ಯಾತ್ರಿಕ ಹ್ಯೂಯೆನ್‌ತ್ಸಾಂಗನು 641ರ ಸುಮಾರಿಗೆ ಈ ರಾಜ್ಯಕ್ಕೆ ಬಂದು ಅರಸನ ಹೆಸರನ್ನು ‘ಪು-ಲೊ-ಕಿ-ಷೆ’ ಎಂಬಂತೆ ಬರೆದಿಟ್ಟಿದ್ದಾನೆ. ಆ ಕಿವಿಗೆ ಕೇಳಿಸಿದ್ದು ‘ಪುಲಿ’ಗಿಂತ ‘ಪುಲ’ಕ್ಕೆ ಹತ್ತಿರ. ‘ಪೊಲೆ’ ಎಂಬ ರೂಪವೂ ಸುಲಭವಲ್ಲ. ತಮಿಳಿನ ‘ಮುದಲ್’ ನಮ್ಮಲ್ಲಿ ‘ಮೊದಲ್’ ಆಯಿತು, ‘ಪುಗೈ’ ಎಂಬುದು ‘ಪೊಗೆ’ಯಾಯಿತು, ಆದರೆ ಮುಂದೆ ಇಕಾರವಿದ್ದಲ್ಲಿ ಉಕಾರವು ಕದಲುವುದಿಲ್ಲ. ಪುಲಿ ಎಂದಿದ್ದುದು ಪುಲಿಯಾಗಿಯೇ ಉಳಿಯಬೇಕು. ಆದರೂ ರವಿಕೀರ್ತಿಯು ಬರೆಯುತ್ತಿದ್ದುದು ಸಂಸ್ಕೃತ ಪದ್ಯ ಎಂಬುದನ್ನು ಮರೆಯಬಾರದು. ಸಂಸ್ಕೃತದಲ್ಲಿ ಹ್ರಸ್ವ ಎಕಾರ ಒಕಾರಗಳಿಲ್ಲ. ‘ಪುಲಿ’ ಎಂದರೆ ಎರಡು ಲಘುಗಳು, ‘ಪೋಲೇ’ ಎಂದರೆ ಎರಡು ಗುರುಗಳು. ಛಂದಸ್ಸಿನ ಅನುಕೂಲವೂ ಇಲ್ಲಿ ಕೈಯಾಡಿಸಿರಬಹುದು. ನನ್ನ ಮನಸ್ಸಿಗೆ ಹೆಚ್ಚು ಒಪ್ಪಿತವಾಗಿರುವುದು ಬೇರೊಂದು ಮಾತು. ಹೆಸರು ಅಪ್ಪಟ ಸಂಸ್ಕೃತವಾಗಿದ್ದರೆ ಸಂಸ್ಕೃತವನ್ನು ಚೆನ್ನಾಗಿ ಬಲ್ಲ ಶಾಸನಕವಿಗಳು ಅದನ್ನು ಮೂರು ಬಗೆಯಾಗಿ ಬರೆಯಬೇಕಾಗಿರಲಿಲ್ಲ. ಕೀರ್ತಿವರ್ಮ, ವಿಕ್ರಮಾದಿತ್ಯ, ವಿನಯಾದಿತ್ಯ ಎಂಬ ಹೆಸರುಗಳು ಅದೇ ಮನೆತನದವು; ಅವುಗಳ ಕಾಗುಣಿತ ಎಲ್ಲಿಯೂ ತಡವರಿಸುವುದಿಲ್ಲ. ಪುಲಿಕೇಶಿಯ ಎದುರಿನಲ್ಲಿ ಮಾತ್ರ ಲೇಖನಿ ತಡವರಿಸುತ್ತದೆ. ದೇಶೀ ಪದವೊಂದು ಪರಭಾಷೆಯ ಪದ್ಯದೊಳಕ್ಕೆ ಹೋದಾಗ ಆಗುವ ತಡವರಿಕೆ ಅದು.

ವೈಯಾಕರಣರು ಇಲ್ಲಿ ಆಕ್ಷೇಪವೆತ್ತಬಹುದು. ಕನ್ನಡದ ಪುಲಿಗೆ ಸಂಸ್ಕೃತದ ಕೇಶಿಯನ್ನು ಜೋಡಿಸಿದರೆ ಅರಿಸಮಾಸವಾಗುವುದಲ್ಲವೆ? ಆಗುತ್ತದೆ, ನಿಜ. ಆದರೆ ಹದಿಮೂರನೆಯ ಶತಮಾನದ ಕೇಶಿರಾಜನೇ ಬಿರುದಾವಳಿಗಳಲ್ಲಿ ಅರಿಸಮಾಸಕ್ಕೆ ರಿಯಾಯಿತಿ ಕೊಟ್ಟಿದ್ದಾನೆ. (ಅವನ ಹೆಸರಿನಲ್ಲಿಯೂ ಒಂದು ಕೇಶಿ ಇದೆ; ಆದರೆ ಅದು ಕೇಶವನಿಂದ ಬಂದದ್ದು, ನಮ್ಮ ಹುಲಿಗೆ ನೆಂಟನಲ್ಲ.) ಇಮ್ಮಡಿ ಪುಲಿಕೇಶಿಯ ವಿಷಯದಲ್ಲಂತೂ ಇದು ಬಿರುದಿನಂತೆಯೇ ಬಂದ ಹೆಸರು. ಅನಂತಪುರದ ಕಡೆಯ ಪೆದ್ದವಡುಗೂರಿನ ಶಾಸನದಿಂದ, ಪಟ್ಟವಾಗುವುದಕ್ಕೆ ಮೊದಲು ಅವನ ಹೆಸರು ಎರೆಯ ಎಂದಿದ್ದಿತೆಂದು ವಿದ್ವಾಂಸರು ಊಹಿಸಿದ್ದಾರೆ. ಎರೆಯ ಎಂದರೆ ಒಡೆಯ; ಅಚ್ಚಗನ್ನಡದ ಹೆಸರು. ಗಂಗರ ಎರೆಯಪ್ಪ, ಹೊಯ್ಸಳರ ಎರೆಯಂಗ ಇವರೆಲ್ಲರಲ್ಲಿ ಇರುವುದು ಈ ಶಬ್ದವೇ. ಚಿಕ್ಕಪ್ಪನಾದ ಮಂಗಳೇಶನೊಡನೆ ಹೋರಾಡಿ 610ರ ಸುಮಾರಿಗೆ ಸಿಂಹಾಸನವನ್ನೇರಿದ ಎರೆಯನು ತನ್ನ ಅಜ್ಜನ ಹೆಸರನ್ನು ಧರಿಸಿದನು. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ ನಮಗೆಲ್ಲ ಪರಿಚಿತವಾದುದೇ. ಇಲ್ಲಿ ಮೊಮ್ಮಗನು ತಾನಾಗಿಯೇ ಅದನ್ನು ತೆಗೆದುಕೊಂಡನು. ಹಕ್ಕು ವಿವಾದಕ್ಕೊಳಗಾಗಿದ್ದ ಅರಸನಿಗೆ ಅಜ್ಜನ ಹೆಸರು ಒಂದು ಬಲವಾಗಿದ್ದಿರಬೇಕು.

ನರ್ಮದೆಯ ದಡದಲ್ಲಿ ಹರ್ಷನನ್ನು ತಡೆದ ಈ ಅರಸನ ನಗರವನ್ನು 642ರಲ್ಲಿ ಪಲ್ಲವ ನರಸಿಂಹವರ್ಮನು ಹಿಡಿದನು, ‘ವಾತಾಪಿಕೊಂಡ’ನೆಂಬ ಬಿರುದನ್ನು ಧರಿಸಿದನು. ಆಮೇಲೆ ಆ ಹೆಸರಿನ ಗತಿಯೇನಾಯಿತು? ಬಾದಾಮಿಯ ಸಿಂಹಾಸನದ ಮೇಲೆ ಮೂರನೆಯ ಪುಲಿಕೇಶಿ ಬರಲಿಲ್ಲ. ಗುಜರಾತಿನಲ್ಲಿ ಆಳುತ್ತಿದ್ದ ಶಾಖೆಯಲ್ಲಿ ಮಾತ್ರ ಒಬ್ಬನಿದ್ದನು. ಅರಬ್ಬರ ಸೈನ್ಯವನ್ನು ಹಿಮ್ಮೆಟ್ಟಿಸಿದ ಅವನಿಜನಾಶ್ರಯ ಪುಲಿಕೇಶಿ, 739ರ ನವಸಾರಿಯ ತಾಮ್ರಪಟದವನು. ವೆಂಗಿಯ ಶಾಖೆಯ ಅರಸರಲ್ಲಿ ಈ ಹೆಸರಿನವನೊಬ್ಬನೂ ಇಲ್ಲ. ಚಾಳುಕ್ಯರ ಕೀರ್ತಿಯನ್ನು ಮತ್ತೆ ಎತ್ತಿ ನಿಲ್ಲಿಸಿದ ಕಲ್ಯಾಣದ ಅರಸರನ್ನು ನೋಡಿ: ತೈಲಪ, ಜಯಸಿಂಹ, ಸೋಮೇಶ್ವರ, ವಿಕ್ರಮಾದಿತ್ಯ. ಪುಲಿಕೇಶಿ ಇಲ್ಲ. ಆದರೆ ಇಮ್ಮಡಿ ಪುಲಿಕೇಶಿಯ ಬಿರುದಾಗಿದ್ದ ‘ಸತ್ಯಾಶ್ರಯ’ ಎಂಬುದನ್ನು ತೈಲಪನ ಮಗನಿಗೆ ಹೆಸರನ್ನಾಗಿಯೇ ಇಟ್ಟರು. ರನ್ನನು ಗದಾಯುದ್ಧದಲ್ಲಿ ಭೀಮನೊಡನೆ ಸಮೀಕರಿಸಿದ ಅರಸ ಅವನೇ. ಬಿರುದು ಬದುಕಿತು, ಹೆಸರು ಹೋಯಿತು. ಸತ್ಯಾಶ್ರಯ ಎಂಬುದರ ಅರ್ಥ ಹತ್ತನೆಯ ಶತಮಾನದ ಆಸ್ಥಾನಕ್ಕೆ ಕೂಡಲೆ ತಿಳಿಯುತ್ತಿತ್ತು, ಪುಲಿಕೇಶಿಯ ಅರ್ಥ ಆಗಲೇ ಮಸುಕಾಗಿದ್ದಿತು ಎಂದು ನಾನು ಭಾವಿಸುತ್ತೇನೆ.

ಇದಕ್ಕೆ ಭಾಷೆಯೊಳಗೇ ಒಂದು ಸಾಕ್ಷಿಯುಂಟು. ಹತ್ತನೆಯ ಶತಮಾನದಿಂದೀಚೆಗೆ ಕನ್ನಡದ ಮೊದಲ ಪಕಾರವು ಹಕಾರವಾಗತೊಡಗಿತು. ಪಾಲ್ ಹಾಲಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು, ಪಂಪೆಯು ಹಂಪೆಯಾಯಿತು. ಜನರ ನಾಲಗೆಯ ಮೇಲೆ ಓಡಾಡುತ್ತಿದ್ದ ಹೆಸರುಗಳೂ ಹಾಗೆಯೇ ಬದಲಾದವು. ಬಳ್ಳಾರಿ ರಾಯಚೂರುಗಳ ಕಡೆ ಹಂಪಣ್ಣ, ಹಂಪಯ್ಯ ಎಂಬವರಿಗೆ ಇಂದಿಗೂ ಬರವಿಲ್ಲ. ಪುಲಿಕೇಶಿಯೂ ಜನರ ಬಾಯಲ್ಲಿ ಉಳಿದಿದ್ದರೆ ‘ಹುಲಿಕೇಶಿ’ ಎಂದಾಗಬೇಕಿತ್ತು. ಹಾಗಾಗಲಿಲ್ಲ. ಏಕೆಂದರೆ ಅದು ಕಲ್ಲಿನಲ್ಲಿ, ತಾಮ್ರದಲ್ಲಿ ಮಲಗಿತ್ತು; ಹತ್ತೊಂಬತ್ತನೆಯ ಶತಮಾನದಲ್ಲಿ ಶಾಸನತಜ್ಞರು ಓದಿ ಎಬ್ಬಿಸಿದಾಗ ಮಲಗಿದ್ದ ರೂಪದಲ್ಲಿಯೇ ಎದ್ದಿತು. ಆ ಅವಧಿಯಲ್ಲಿ ಹುಲಿ ಮಾತ್ರ ನಮ್ಮ ಹಳ್ಳಿಗಳಲ್ಲಿ ಹುಲಿಯಪ್ಪನಾಗಿ, ಹುಲಿಗೆಮ್ಮನ ಒಕ್ಕಲಿನಲ್ಲಿ ಹುಲಿಗೆಪ್ಪನಾಗಿ, ಯಾವ ಚರಿತ್ರಕಾರನ ನೆರವೂ ಇಲ್ಲದೆ ಸುಖವಾಗಿ ಬಾಳುತ್ತಿದ್ದಿತು.

ತಮಿಳರಲ್ಲಿ ಸ್ಥಿತಿ ಬೇರೆ. ಅವರಿಗೆ ಹುಲಿಯು ಇಂದಿಗೂ ಪುಲಿಯೇ. ಆದುದರಿಂದ ಹೆಸರಿನೊಳಗಿನ ಹುಲಿ ಅವರ ಕಿವಿಗೆ ತಟ್ಟನೆ ಕೇಳಿಸುತ್ತದೆ. ಕಲ್ಕಿಯವರು 1940ರ ದಶಕದಲ್ಲಿ ಬರೆದ ‘ಶಿವಕಾಮಿಯಿನ್ ಶಪಥಂ’ ಕಾದಂಬರಿಯಲ್ಲಿ ಪುಲಿಕೇಶಿ ಶತ್ರುವಾಗಿ ಬರುತ್ತಾನೆ. 2006ರಲ್ಲಿ ವಡಿವೇಲು ನಟಿಸಿದ ಚಿತ್ರವೊಂದರಲ್ಲಿ ‘ಇಪ್ಪತ್ತಮೂರನೆಯ ಪುಲಿಕೇಶಿ’ ಎಂಬ ಪೆದ್ದ ಅರಸನಾಗಿ ಬಂದು ಊರೆಲ್ಲವನ್ನೂ ನಗಿಸಿದ. ನಮ್ಮವರಲ್ಲಿ ಕೆಲವರಿಗೆ ಇದು ನೋವುಂಟುಮಾಡೀತು. ನನಗೆ ಹಾಗೆನಿಸುವುದಿಲ್ಲ. ಸೋತ ಊರಿನ ಅರಸನನ್ನು ಹದಿಮೂರು ಶತಮಾನಗಳ ಮೇಲೂ ನೆರೆಯವರು ಬೈಯುತ್ತಾರೆ, ನಗುತ್ತಾರೆ ಎಂದರೆ, ಮರೆತಿಲ್ಲವೆಂದೇ ಅರ್ಥ.

ಹಾಗಾದರೆ ನಮ್ಮವರು ಮಕ್ಕಳಿಗೆ ಈ ಹೆಸರನ್ನೇಕೆ ಇಡುವುದಿಲ್ಲ? ದೇವರ ಹೆಸರಲ್ಲವೆಂದು ಹೇಳಬಹುದು. ಆದರೆ ಅಶೋಕನ ಹೆಸರೂ ದೇವರದಲ್ಲ. ಅವನನ್ನೂ ನಾವು ಶಾಸನಗಳಿಂದಲೇ ಮರಳಿ ಪಡೆದೆವು. ‘ದೇವಾನಾಂಪ್ರಿಯ’ನೇ ಅಶೋಕನೆಂಬುದನ್ನು ಖಚಿತಪಡಿಸಿದ ಶಾಸನ 1915ರಲ್ಲಿ ದೊರೆತುದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಇಂದು ಅಶೋಕನಿಲ್ಲದ ಬೀದಿಯಿಲ್ಲ. ರಾಜಕುಮಾರ್ ಅವರ ‘ಮಯೂರ’ 1975ರಲ್ಲಿ ಬಂದಿತು. ಮಯೂರರೂ ನಮ್ಮಲ್ಲಿ ಅಪರೂಪವಲ್ಲ. ಶೋಕವಿಲ್ಲದವನು, ನವಿಲು ಎಂದರೆ ತಾಯಂದಿರಿಗೆ ಒಡನೆಯೇ ತಿಳಿಯುತ್ತದೆ. ಹುಲಿಯ ಕೂದಲವನು ಎಂದರೆ ಯಾವ ತಾಯಿ ಒಪ್ಪಿಯಾಳು!

ನನ್ನ ವಿದ್ಯಾರ್ಥಿಯ ತಾಯಿ ಒಪ್ಪಿದ್ದಳೋ ಇಲ್ಲವೋ, ತಂದೆ ಇಟ್ಟಿದ್ದರು. ಬಾದಾಮಿಯ ಸೀಮೆಯ ಪ್ರಾಥಮಿಕ ಶಾಲೆಯೊಂದರ ಉಪಾಧ್ಯಾಯರು ಅವರು. ಹುಡುಗನ ಜನನ ಪತ್ರದಲ್ಲಿ ‘ಪುಲಕೇಶಿ’, ಶಾಲೆಯ ದಾಖಲೆಯಲ್ಲಿ ‘ಪುಲಿಕೇಶಿ’, ಅಂಕಪಟ್ಟಿಯಲ್ಲಿ ‘ಪುಲಿಕೇಶ’. ನೌಕರಿಯ ವೇಳೆಗೆ ಕಚೇರಿಯೊಂದು ಮೂವರೂ ಒಬ್ಬನೇ ಎಂಬುದಕ್ಕೆ ಪ್ರಮಾಣಪತ್ರವನ್ನು ಕೇಳಿತು. ಅದಕ್ಕಾಗಿ ಅವನು ನಾಲ್ಕು ತಿಂಗಳು ಅಲೆದನು. ಗೆಳೆಯರು ಹೆಸರನ್ನೇ ಬದಲಾಯಿಸಿಕೊಳ್ಳೆಂದು ಬುದ್ಧಿ ಹೇಳಿದರು. ಅವನು ಒಪ್ಪಲಿಲ್ಲ. ಐಹೊಳೆಯ ಕವಿಯೂ ಸೇರಿ ಶಾಸನ ಬರೆದವರೆಲ್ಲ ಈ ಹೆಸರಿನ ಮುಂದೆ ತಡವರಿಸಿದವರೇ ಎಂದು ನಾನು ಸಮಾಧಾನ ಹೇಳಿದಾಗ, ‘ಅವರಿಗೆ ಪ್ರಮಾಣಪತ್ರ ಯಾರೂ ಕೇಳಲಿಲ್ಲ ಸಾರ್’ ಎಂದ. ಈಗ ಅವನಿಗೂ ಮೊಮ್ಮಕ್ಕಳ ಕಾಲ.

ಮಗುವಿಗೆ ಈ ಹೆಸರನ್ನು ಇಡಬಯಸುವವರು ಯಾರಾದರೂ ಇದ್ದರೆ, ಪುಲಕೇಶಿ ಎನ್ನದೆ ಪುಲಿಕೇಶಿ ಎಂದೇ ಬರೆಯಿಸಿ ಎಂಬುದು ನನ್ನ ಸೂಚನೆ. ಎಲ್ಲ ಕಾಗದಗಳಲ್ಲಿಯೂ ಒಂದೇ ಬಗೆಯಾಗಿ. ಮನೆಯಲ್ಲಿ ಕರೆಯಲು ಉದ್ದವಾಯಿತೆನಿಸಿದರೆ, ಎರೆಯ ಎಂದು ಕರೆಯಬಹುದು.