ಅಪ್ಪನ ಕಂಪ್ಯೂಟರಿಗೆ ಹೊಸ ಸಿಸ್ಟಂ



ರಜೆಗೆ ಊರಿಗೆ ಹೋದವನು ಅಪ್ಪನ ಹಳೆಯ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟು ಬಂದೆ. ಮಗ ಎಂಜಿನಿಯರು ಅಲ್ಲವೇ! ಈಗ ಅವರು ಕನ್ನಡದಲ್ಲೊಂದು ಪತ್ರ ಬರೆಯಬೇಕೆಂದರೆ ಸ್ವಿಚ್ ಒತ್ತಿ, ಸ್ನಾನ ಮುಗಿಸಿ ಬರುತ್ತಾರಂತೆ. "ಮೊದಲಿನದೇ ಚೆನ್ನಾಗಿತ್ತಲ್ಲೋ" ಅಂದರು.

2001ರ ವಿಂಡೋಸ್ ಎಕ್ಸ್‌ಪಿ ಕನಿಷ್ಠ ಕೇಳಿದ್ದು 64 ಎಂಬಿ ರ‍್ಯಾಮ್. 2007ರ ವಿಸ್ಟಾ 512. 2021ರ ವಿಂಡೋಸ್ 11ಕ್ಕೆ 4 ಜಿಬಿ ಬೇಕು. ಅಂದರೆ 64 ಪಟ್ಟು. ಕನ್ನಡದ ಅಕ್ಷರಗಳು ಮಾತ್ರ ಅಷ್ಟೇ ಇವೆ! ರ‍್ಯಾಮ್ ಸಾಲದಿದ್ದರೆ ಸಿಸ್ಟಂ ಹಾರ್ಡ್‌ಡಿಸ್ಕಿನಲ್ಲಿ ಜಾಗ ಹುಡುಕುತ್ತದೆ, ತೆವಳಾಟ ಅಲ್ಲಿಂದ ಶುರು.

ನಾವು ಇಲ್ಲಿ ಹೊಸ ಯಂತ್ರದಲ್ಲಿ ಪ್ರೋಗ್ರಾಂ ಬರೆದು ಅದರಲ್ಲೇ ಪರೀಕ್ಷಿಸುತ್ತೇವೆ. ಊರಿನ ಶಾಲೆಗೆ ಕೊಡುವುದು ಹಳೆಯ ಯಂತ್ರ. ಕನ್ನಡ ತಂತ್ರಾಂಶವನ್ನಾದರೂ ಮೊದಲು ಅಂಥದ್ದರಲ್ಲಿ ಓಡಿಸಿ ನೋಡೋಣ. ಬೇಕಿದ್ದರೆ ಅಪ್ಪನದನ್ನು ಕೇಳಿ ಕೊಡಿಸುತ್ತೇನೆ, ಅವರೀಗ ಪೆನ್ನಿನಲ್ಲಿ ಬರೆಯುತ್ತಿದ್ದಾರೆ.