ಬಿಗಿದ ಚುಕ್ಕಾಣಿ

'ಆಡಳಿತದ ಚುಕ್ಕಾಣಿ' ಎಂದು ನಾವು ಭಾಷಣಗಳಲ್ಲಿ ಸವೆಸಿದ ಪದಕ್ಕೆ ನೀರಿನ ಮೇಲೆ ಇನ್ನೂ ಅರ್ಥವುಂಟು. ಹೊನ್ನಾವರದ ಶರಾವತಿ ಅಳಿವೆಯಂಥ ಉಪ್ಪುನೀರಿನಲ್ಲಿ ಓಡುವ ಔಟ್‌ಬೋರ್ಡ್ ದೋಣಿಗೆ ಬೇರೆ ಚುಕ್ಕಾಣಿಯಿಲ್ಲ. ಹಿಂಬದಿಯ ಎಂಜಿನ್ನೇ ಹೊರಳಿ ದಿಕ್ಕು ಬದಲಿಸಬೇಕು. ಸ್ಟಿಯರಿಂಗ್ ಚಕ್ರ ಬಿಗಿಯಾದರೆ ತೋಳುಬಲದಿಂದ ತಿರುಗಿಸುವವರೇ ಹೆಚ್ಚು. ಅದು ಅಪಾಯ, ತುಕ್ಕುಹಿಡಿದ ಕೇಬಲ್ ನಡುನೀರಿನಲ್ಲಿ ಕೈಕೊಟ್ಟೀತು.

ದೋಷದ ನೆಲೆಯನ್ನು ಮೊದಲು ಅರಿಯಬೇಕು. ದಡದಲ್ಲಿ ಎಂಜಿನ್ ನಿಲ್ಲಿಸಿ, ಕೇಬಲನ್ನು ಅದಕ್ಕೆ ಸೇರಿಸುವ ಕೊಂಡಿಯನ್ನು ಕಳಚಿ, ಎಂಜಿನ್ನನ್ನು ಕೈಯಿಂದಲೇ ಹೊರಳಿಸಿ ನೋಡಿ. ಹೊರಳದಿದ್ದರೆ ಅದರ ಕೀಲಿಗೆ ಗ್ರೀಸ್ ಬೇಕು. ಸಲೀಸಾಗಿ ಹೊರಳಿತೆ? ಹಾಗಾದರೆ ಕೇಬಲಿನ ತುದಿಯ ಸರಳು ಜಾರಾಡುವ ಕೊಳವೆಯನ್ನು ಶಂಕಿಸಿ. ಅಪರಾಧಿ ಬಹುಮಟ್ಟಿಗೆ ಅಲ್ಲೇ ಅಡಗಿರುತ್ತಾನೆ: ಉಪ್ಪು, ತುಕ್ಕು, ಗಟ್ಟಿಯಾದ ಹಳೆಯ ಗ್ರೀಸ್. ಸರಳನ್ನು ಹೊರತೆಗೆದು, ಕೊಳವೆಯ ಒಳಗನ್ನು ಚೆನ್ನಾಗಿ ಉಜ್ಜಿ, ನೀರಿಗೆ ಕರಗದ ಹೊಸ ಗ್ರೀಸ್ ಸವರಬೇಕು.

ಬಿಚ್ಚಲು ಬೇಸರಪಟ್ಟು ಹಳೆಯದರ ಮೇಲೆಯೇ ಹೊಸತನ್ನು ತುರುಕುವ ಪರಿಪಾಠವೊಂದುಂಟು, ನನಗದು ಒಪ್ಪಿಗೆಯಿಲ್ಲ. ಮುಂದೆ ಗ್ರೀಸ್ ಗನ್ನಿನಿಂದ ತುಂಬುವಾಗಲೂ ಸರಳು ಕೊಳವೆಯೊಳಕ್ಕೆ ಪೂರ್ತಿ ಸರಿದಿರಲಿ. ಅದು ಹೊರಚಾಚಿರುವಾಗ ತುಂಬಿದ ಗ್ರೀಸ್ ಒಳಗೇ ಒತ್ತಿ ನಿಂತು, ಚುಕ್ಕಾಣಿಯನ್ನೇ ಕಟ್ಟಿಹಾಕಬಲ್ಲುದು.

ಕೊಳವೆಯಿಂದ ಬಿಡಿಸಿದ ಮೇಲೂ ಕೇಬಲ್ ಬಿಗಿಯಾಗಿದ್ದರೆ ರಿಪೇರಿಯ ಮಾತಿಲ್ಲ. ಅದೇ ಉದ್ದದ ಹೊಸತನ್ನು ಹಾಕಿಸಿದ ಮೇಲೆಯೇ ದೋಣಿ ನೀರಿಗಿಳಿಯಲಿ.