ಹೆಸರಿನ ಪಕ್ಕ ಒಂದು ಕೆಂಪು ಗುರುತು

ಇಂದು ಪದವೀಧರರಾಗುತ್ತಿರುವ ನನ್ನ ಪ್ರೀತಿಯ ಮಕ್ಕಳೇ,

ಇನ್ನು ಸ್ವಲ್ಪ ಹೊತ್ತಿಗೆ ನಿಮ್ಮ ಕೈಗೆ ಪದವಿ ಪತ್ರ ಬರುತ್ತದೆ. ಬಂದ ಕೂಡಲೇ ನಿಮ್ಮ ಕಣ್ಣು ಮೊದಲು ಹೋಗುವುದು ನಿಮ್ಮ ಹೆಸರಿನ ಮೇಲೆ. ಕಾಗುಣಿತ ಸರಿ ಇದೆಯೇ, ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ ಎಂದು ನೋಡುತ್ತೀರಿ. ಸರಿ ಇದ್ದರೆ ಆ ವಿಷಯವನ್ನು ಅಲ್ಲೇ ಮರೆಯುತ್ತೀರಿ. ನಾನು ಇವತ್ತು ಮಾತಾಡಬೇಕೆಂದಿರುವುದು ಹಾಗೆ ಮರೆತುಹೋಗುವ ಕೆಲಸದ ಬಗ್ಗೆ.

ನಾನು ಮೂವತ್ತು ವರ್ಷ ಸಣ್ಣ ಊರುಗಳ ಸಣ್ಣ ಕಾಲೇಜುಗಳಲ್ಲಿ ಪಾಠ ಮಾಡಿದವಳು. ಕೊನೆಯಲ್ಲಿ ಪ್ರಾಂಶುಪಾಲಳಾದೆ. ಆಗ ನಮ್ಮ ಕಚೇರಿಯಲ್ಲಿ ಒಬ್ಬರು ಪ್ರಥಮ ದರ್ಜೆ ಸಹಾಯಕರಿದ್ದರು. ಪರೀಕ್ಷಾ ಅರ್ಜಿ ತುಂಬುವ ದಿನಗಳಲ್ಲಿ ಅವರು ಅಂತಿಮ ವರ್ಷದ ಒಬ್ಬೊಬ್ಬರನ್ನೂ ಕಿಟಕಿಯ ಬಳಿ ಕರೆಯುತ್ತಿದ್ದರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಒಂದು ಕಡೆ, ಪ್ರವೇಶ ರಿಜಿಸ್ಟರ್ ಇನ್ನೊಂದು ಕಡೆ. ಮಂಜುನಾಥನಿಗೆ ಇಂಗ್ಲಿಷಿನಲ್ಲಿ ಕೊನೆಗೊಂದು 'ಎ' ಇದೆಯೋ ಇಲ್ಲವೋ, ಲಕ್ಷ್ಮಿಗೆ ಎಷ್ಟು ಅಕ್ಷರ ಎಂದು ಬೆರಳಿಟ್ಟು ತಾಳೆ ನೋಡಿ, ಸರಿ ಇದ್ದರೆ ಹೆಸರಿನ ಪಕ್ಕ ಕೆಂಪು ಪೆನ್ನಿನಲ್ಲೊಂದು ಗುರುತು ಹಾಕುತ್ತಿದ್ದರು. ಹೊಸ ಕುರ್ಚಿಯ ಹುಮ್ಮಸ್ಸಿನಲ್ಲಿದ್ದ ನಾನು, "ಇಷ್ಟೊಂದು ಹೊತ್ತು ಯಾಕೆ ಹಿಡಿಸುತ್ತೀರಿ? ಅವರೇ ನೋಡಿಕೊಳ್ಳಲಿ ಬಿಡಿ" ಎಂದೆ. ಅವರು ತಲೆಯೆತ್ತದೆ ಹೇಳಿದರು: "ಮೇಡಂ, ಈಗ ನಾನು ಎರಡು ನಿಮಿಷ ನೋಡಿದರೆ ಮುಗಿಯಿತು. ಆಮೇಲೆ ಪಾಸ್‌ಪೋರ್ಟಿಗೆ ಹೋದಾಗ ತಪ್ಪು ಸಿಕ್ಕಿದರೆ ಇವರು ನೋಟರಿ, ಅಫಿಡವಿಟ್ಟು ಅಂತ ತಿಂಗಳುಗಟ್ಟಲೆ ಅಲೆಯಬೇಕು."

ಅಂದು ನನ್ನ ಹುದ್ದೆ ಅವರದಕ್ಕಿಂತ ದೊಡ್ಡದಿತ್ತು. ಕೆಲಸ ಯಾರದು ದೊಡ್ಡದಿತ್ತು ಎಂಬುದನ್ನು ನೀವೇ ಹೇಳಿ.

ಹುದ್ದೆಯ ಏಣಿಯನ್ನು ಕಾಗದದ ಮೇಲೆ ಅಚ್ಚುಕಟ್ಟಾಗಿ ಬರೆದಿಟ್ಟಿದ್ದಾರೆ. ಸಹಾಯಕ ಪ್ರಾಧ್ಯಾಪಕರು 10ನೇ ವೇತನ ಹಂತದಲ್ಲಿ ಸೇರುತ್ತಾರೆ. ಪಿಎಚ್.ಡಿ. ಇದ್ದವರು ಮುಂದಿನ ಹಂತಕ್ಕೆ ಕನಿಷ್ಠ 4 ವರ್ಷ ಕಾಯಬೇಕು, ಇಲ್ಲದವರು 5ರಿಂದ 6 ವರ್ಷ. 13ಎ ತಲುಪಿದರೆ ಸಹ ಪ್ರಾಧ್ಯಾಪಕರು, 14 ತಲುಪಿದರೆ ಪ್ರಾಧ್ಯಾಪಕರು. ಯುಜಿಸಿಯ 2018ರ ನಿಯಮದಲ್ಲಿ ಪ್ರಾಂಶುಪಾಲರ ಅವಧಿ 5 ವರ್ಷ, ಒಮ್ಮೆ ಮುಂದುವರಿಸಬಹುದು. ಮುಗಿದ ಮೇಲೆ ಮತ್ತೆ ಚಾಕ್‌ಪೀಸು, ಅದೇ ತರಗತಿ. ಕಚೇರಿಯವರ ಏಣಿ ಇನ್ನೂ ಗಿಡ್ಡ: ದ್ವಿತೀಯ ದರ್ಜೆ, ಪ್ರಥಮ ದರ್ಜೆ, ಅದೃಷ್ಟವಿದ್ದರೆ ಅಧೀಕ್ಷಕರು.

ಸಣ್ಣ ಕಾಲೇಜಿನಲ್ಲಿ ಬದುಕು ಮೇಲಕ್ಕೆ ಹೋಗುವುದು ಕಡಿಮೆ, ಅಗಲಕ್ಕೆ ಹರಡುವುದೇ ಹೆಚ್ಚು. ಇತಿಹಾಸದ ಮೇಷ್ಟ್ರೇ ಎನ್ನೆಸ್ಸೆಸ್ ಅಧಿಕಾರಿ, ಅವರೇ ಹಾಸ್ಟೆಲ್ ವಾರ್ಡನ್, ಕ್ರೀಡಾಕೂಟದ ದಿನ ಮೈಕು ಹಿಡಿಯುವವರೂ ಅವರೇ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತಿದ್ದ ವರ್ಷವಂತೂ ಏಳು ಮಾನದಂಡಗಳ ಏಳು ಫೈಲುಗಳು ಅವರ ಮನೆಯ ಊಟದ ಮೇಜಿನ ಮೇಲೇ ಇರುತ್ತಿದ್ದವು. ಯಾವ ಹಳ್ಳಿಯ ಬಸ್ಸು ಮಳೆಗಾಲದಲ್ಲಿ ತಡವಾಗುತ್ತದೆ, ಯಾರನ್ನು ಎರಡನೇ ಪೀರಿಯಡ್ಡಿಗೆ ಒಳಗೆ ಬಿಡಬೇಕು ಎಂಬುದು ಅಟೆಂಡರಿಗೆ ಬಾಯಿಪಾಠ.

ಈ ಅಗಲಕ್ಕೆ ದೊಡ್ಡವರೂ ಒಗ್ಗಿಕೊಂಡಿದ್ದರು. ಎಚ್. ನರಸಿಂಹಯ್ಯನವರು 1946ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿಗೆ ಭೌತಶಾಸ್ತ್ರ ಹೇಳಲು ಸೇರಿದಾಗ ಆ ಕಾಲೇಜಿಗೆ ಒಂದೇ ವರ್ಷ ವಯಸ್ಸು. ಅಮೆರಿಕದ ಓಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಮರಳಿ ಬಂದದ್ದೂ ಅಲ್ಲಿಗೇ. ಪ್ರಾಂಶುಪಾಲರಾದರು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಕುಲಪತಿಗಿರಿ ಬಂದು ಹೋಯಿತು. 2005ರಲ್ಲಿ ತೀರಿಕೊಳ್ಳುವವರೆಗೂ ಅವರ ಮನೆ ಆ ಕಾಲೇಜಿನ ಹಾಸ್ಟೆಲ್ಲಿನ ಒಂದು ಕೊಠಡಿ. ಗೌರಿಬಿದನೂರು, ಬಾಗೇಪಲ್ಲಿಗಳ ಮಕ್ಕಳಿಗೆ ಅವರಿಂದ ಕಾಲೇಜು ಸಿಕ್ಕಿತು. ನವ್ಯಕಾವ್ಯಕ್ಕೆ ದಾರಿ ತೆರೆದ ಗೋಪಾಲಕೃಷ್ಣ ಅಡಿಗರು ಸಾಗರದಲ್ಲಿ, ಆಮೇಲೆ ಉಡುಪಿಯಲ್ಲಿ ಪ್ರಾಂಶುಪಾಲರಾಗಿದ್ದವರು. 'ಸಾಕ್ಷಿ'ಯಂಥ ಪತ್ರಿಕೆಯ ಸಂಪಾದಕರಾಗಿದ್ದ ಅವರ ಮುಂದೆಯೂ ಹಾಜರಿ ಕೊರತೆಯ ಅರ್ಜಿಗಳು ಬಂದು ಕೂತಿರಬೇಕು. ಅದು ಆ ಕುರ್ಚಿಯ ಗುಣ.

ಹೀಗೆಂದ ಮಾತ್ರಕ್ಕೆ ಎಲ್ಲವೂ ಚೆನ್ನಾಗಿದೆ ಎಂದು ನಾನು ಹೇಳಲಾರೆ. ನಮ್ಮ ರಾಜ್ಯದಲ್ಲಿ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅವು ನಡೆಯುತ್ತಿರುವುದು ಬಹುಮಟ್ಟಿಗೆ ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಅತಿಥಿ ಎಂಬ ಶಬ್ದಕ್ಕೆ ಇದಕ್ಕಿಂತ ದೊಡ್ಡ ಅಪಚಾರ ಕನ್ನಡದಲ್ಲಿ ಆಗಿಲ್ಲ. ಹದಿನೈದು ವರ್ಷ ಪಾಠ ಮಾಡಿದ ಮೇಲೂ ಜೂನ್ ಬಂದರೆ 'ಈ ವರ್ಷ ಕರೆಯುತ್ತಾರೋ ಇಲ್ಲವೋ' ಎಂದು ಕಾಯುವ ಅತಿಥಿಗಳು ಇವರು. ಏಣಿಯ ಮೊದಲ ಮೆಟ್ಟಿಲೂ ಇವರಿಗಿಲ್ಲ. ಇವರ ತ್ಯಾಗವನ್ನು ಹಾಡಿ ಹೊಗಳಿ ಕೈತೊಳೆದುಕೊಳ್ಳುವುದು ಸುಲಭ. ನಾಳೆ ನಿಮ್ಮಲ್ಲಿ ಕೆಲವರು ಅಧಿಕಾರಿಗಳಾಗುತ್ತೀರಿ, ಕೆಲವರು ಆಡಳಿತ ಮಂಡಳಿಗಳಲ್ಲಿ ಕೂರುತ್ತೀರಿ. ಇವರ ಕಡತ ನಿಮ್ಮ ಮೇಜಿಗೆ ಬಂದಾಗ, ಅದನ್ನು ಕಟ್ಟಿ ಮೂಲೆಗಿಡಬೇಡಿ. ನಾನು ಕೇಳುವ ಗುರುದಕ್ಷಿಣೆ ಅಷ್ಟೇ.

ನೀವು ಸೇರುವ ಕೆಲಸ ಯಾವುದೇ ಇರಲಿ, ವಿಸಿಟಿಂಗ್ ಕಾರ್ಡಿನಲ್ಲಿ ನಿಮ್ಮ ಹುದ್ದೆ ಅಚ್ಚಾಗುತ್ತದೆ. ಅದು ಬೇಗ ಬೆಳೆದರೆ ಸಂತೋಷ. ಬೆಳೆಯದ ವರ್ಷಗಳೂ ಬರುತ್ತವೆ. ಆಗ ನಮ್ಮ ಕಚೇರಿಯ ಆ ಕೆಂಪು ಪೆನ್ನನ್ನು ನೆನೆಸಿಕೊಳ್ಳಿ. ನೀವು ಎರಡು ನಿಮಿಷ ನೋಡಿದರೆ ಇನ್ನೊಬ್ಬರ ಆರು ತಿಂಗಳು ಉಳಿಯುವ ಕೆಲಸ ಪ್ರತಿ ಮೇಜಿನ ಮೇಲೂ ಒಂದಿರುತ್ತದೆ. ಅದನ್ನು ಮಾಡಲು ಬಡ್ತಿ ಬೇಕಿಲ್ಲ.

ಕೊನೆಯ ಮಾತು. ಟಿ.ಸಿ. ಪಡೆಯಲು ನೀವೆಲ್ಲ ನೋ ಡ್ಯೂ ಫಾರಂ ಹಿಡಿದು ಅಲೆದಿದ್ದೀರಿ. ಗ್ರಂಥಾಲಯ, ಪ್ರಯೋಗಾಲಯ, ಕ್ರೀಡಾ ವಿಭಾಗ, ಕಚೇರಿ, ಎಲ್ಲ ಕಡೆ ರುಜು ಹಾಕಿಸಿದ್ದೀರಿ. ಈ ವಿದ್ಯಾರ್ಥಿಯಿಂದ ಯಾವ ಬಾಕಿಯೂ ಇಲ್ಲ ಎಂದು ಅದರಲ್ಲಿದೆ. ನಾನೂ ಅಂಥ ಸಾವಿರಾರು ಕಾಗದಗಳಿಗೆ ರುಜು ಹಾಕಿದ್ದೇನೆ. ಪ್ರಾಂಶುಪಾಲಳಾಗಿ ನಾನು ಗೊತ್ತಿದ್ದೂ ರುಜು ಹಾಕಿದ ಸುಳ್ಳು ಅದೊಂದೇ.

ಊಟಕ್ಕೆ ಹೋಗುವ ಮುಂಚೆ ಕಚೇರಿಯ ಕಿಟಕಿಯವರೆಗೆ ಒಮ್ಮೆ ಹೋಗಿ ಬನ್ನಿ. ಇವತ್ತು ಯಾವ ಫಾರಮ್ಮೂ ಬೇಡ. ನಿಮ್ಮ ಹೆಸರು ಹೇಳಿದರೆ ಸಾಕು, ಅಲ್ಲಿರುವವರಿಗೆ ಅದರ ಕಾಗುಣಿತ ಗೊತ್ತು.